ಅವ್ವನ ಕಾಲಿನ ಅಳತೆ

ಸಕಲೇಶಪುರದ ನಮ್ಮ ಮನೆಯ ಬಾಗಿಲು ತೆಗೆದ ಕೂಡಲೇ ಆ ಹೆಂಗಸು ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು. ಎದ್ದು ನಿಂತು, "ಟೀಚರ್, ನಿಮ್ಮ ಪಾದದ ಅಳತೆ ತಗೋಬೇಕಿತ್ತು" ಎಂದಳು. ನನಗೆ ಏನೂ ಅರ್ಥವಾಗಲಿಲ್ಲ.

ಹೆಸರು ಹೇಳಿದ ಮೇಲೆ ಗುರುತು ಸಿಕ್ಕಿತು. ಹೊಂಗಡಹಳ್ಳದ ಶಾಲೆಯಲ್ಲಿ ನನ್ನ ಬಳಿ ಓದಿದ ಶೋಭಾ. ಅವಳ ತಾಯಿ ಗಿರಿಜಮ್ಮ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯಲ್ಲಿದ್ದು ಕಾಫಿ ಕೊಯ್ಯುತ್ತಿದ್ದರು. ಸಂಜೆ ಮಗಳನ್ನು ಕರೆದೊಯ್ಯಲು ಗೇಟಿನ ಬಳಿ ನಗುತ್ತಾ ನಿಂತಿರುತ್ತಿದ್ದರು. ಶೋಭಾ ಚೆನ್ನೈನಲ್ಲಿ ಪಾದರಕ್ಷೆಗಳ ವಿನ್ಯಾಸ ಕಲಿತು, ಇಟಲಿಯಲ್ಲಿ ದುಡಿದು, ಈಗ ಮುಂಬೈಯಲ್ಲಿ ಸಿನಿಮಾದವರಿಗೆ, ಸಿರಿವಂತರ ಮದುವೆಗಳಿಗೆ ದುಬಾರಿ ಶೂಗಳನ್ನು ರೂಪಿಸುತ್ತಾಳಂತೆ.

"ಯಾರ್ಯಾರಿಗೋ ಮಾಡ್ಕೊಟ್ಟೆ ಟೀಚರ್. ಅವ್ವಂಗೆ ಒಂದು ಜೊತೆ ಮಾಡೋಣ ಅನ್ನೋಷ್ಟರಲ್ಲಿ ಅವಳು ಹೋಗ್ಬುಟ್ಲು. ನೀವು ಕೊಟ್ಟಿದ್ದ ಹಳೇ ಚಪ್ಪಲಿ ಅವಳ ಕಾಲಿಗೆ ಅಳತೆ ಕೊಟ್ಟು ಮಾಡಿಸ್ದಂಗಿತ್ತು. ಅವ್ವನ ಅಳತೆ ಈಗ ನಿಮ್ಮ ಕಾಲಲ್ಲಿ ಮಾತ್ರ ಐತೆ."

ಹಜಾರದಲ್ಲಿ ಹಾಳೆ ಹಾಸಿ, ನನ್ನ ಪಾದವನ್ನು ಅದರ ಮೇಲಿಡಿಸಿ, ಸುತ್ತಲೂ ಪೆನ್ಸಿಲ್‌ನಿಂದ ಗೆರೆ ಎಳೆಯತೊಡಗಿದಳು. ಹಿಮ್ಮಡಿಯ ಹತ್ತಿರ ಬಂದಾಗ ಅವಳ ಕೈ ಸ್ವಲ್ಪ ಹೊತ್ತು ನಿಂತುಬಿಟ್ಟಿತು.

ತಿಂಗಳ ನಂತರ ಕಾಫಿ ಹಣ್ಣಿನ ಬಣ್ಣದ ಮೆತ್ತನೆಯ ಚಪ್ಪಲಿ ಅಂಚೆಯಲ್ಲಿ ಬಂತು. ಜೊತೆಗೆ ಒಂದು ಚೀಟಿ: "ಎತ್ತಿಡಬೇಡಿ ಟೀಚರ್, ಹಾಕ್ಕೊಂಡು ಓಡಾಡಿ." ಹಾಗೆಯೇ ಓಡಾಡುತ್ತಿದ್ದೇನೆ.

ಗಿರಿಜಮ್ಮನಿಗೆ ಆ ಹಳೆಯ ಚಪ್ಪಲಿಯನ್ನು ಯಾವಾಗ ಕೊಟ್ಟೆನೋ ನನಗೆ ನೆನಪೇ ಇಲ್ಲ. ಸವೆದಿದೆ ಎಂದು ಕೊಟ್ಟಿರಬೇಕು. ಅಂದೇ ಒಂದು ಹೊಸ ಜೊತೆ ಕೊಡಿಸಬಹುದಿತ್ತು ಎಂದು ಈಗ ಅನ್ನಿಸುತ್ತದೆ.