ಲೋಟ ತೊಳೆಯುವವಳ ನಾಲಿಗೆ

ಈ ಹೋಟೆಲಿನ ಪಟ್ಟಿಯಲ್ಲಿ ಮೂವತ್ತೊಂದು ತಿನಿಸುಗಳಿವೆ. ಯಾವುದಕ್ಕೆ ಯಾವ ವೈನ್ ಒಗ್ಗುತ್ತದೆ ಎಂದು ಒಂದನ್ನು ಬಿಟ್ಟು ಉಳಿದೆಲ್ಲಕ್ಕೂ ಆರಿಸಿದವಳು ಲೋಟ ತೊಳೆಯುವ ಹೆಂಗಸು. ಪಟ್ಟಿಯ ಕೆಳಗೆ ಅಚ್ಚಾಗಿರುವುದು ಮಾಲೀಕರ ಅಳಿಯನ ಹೆಸರು.

ಬೆಳಗಿನ ಆರು ಗಂಟೆ. ಅಡುಗೆಮನೆಯ ಹಿಂದಿನ ತೊಟ್ಟಿಯ ಮುಂದೆ ರಬ್ಬರ್ ಏಪ್ರನ್ ಬಿಗಿದು ನಿಂತ ಆಕೆ, ನಿನ್ನೆಯ ಟ್ರೇಗಳಿಂದ ಲೋಟಗಳನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾಳೆ. ತೊಳೆಯುವ ಮೊದಲು ಓದುತ್ತಾಳೆ. ದಿನಕ್ಕೆ ನಾನೂರು ಲೋಟ, ಮುನ್ನೂರು ತಟ್ಟೆ, ಹತ್ತೊಂಬತ್ತು ವರ್ಷ. ಎಲ್ಲರಿಗೂ ಆಕೆ ‘ಲೋಟದಕ್ಕ’.

“ಒಂದೇ ಟ್ರೇನಲ್ಲಿ ತಟ್ಟೆನೂ ಖಾಲಿ, ಲೋಟನೂ ಖಾಲಿ ಬಂದ್ರೆ ಜೋಡಿ ಹೊಂದ್ಕೊಂಡಿದೆ ಅಂತ. ತಟ್ಟೆ ಖಾಲಿಯಾಗಿ ಲೋಟ ಅರ್ಧ ಉಳಿದ್ರೆ ಜಗಳ. ನಮ್ಮನೇಲಿ ಆಗೋ ಹಾಗೆ,” ಎಂದು ನಗುತ್ತಾಳೆ.

ಈ ಓದನ್ನು ಮೊದಲು ಗಮನಿಸಿದ್ದು ಹಿರಿಯ ಬಾಣಸಿಗರು. ಅಂದಿನಿಂದ ಹೊಸ ತಿನಿಸೆಲ್ಲ ಒಂದು ಗುಟುಕು ವೈನ್ ಜೊತೆ ಮೊದಲು ತೊಟ್ಟಿಯ ಬಳಿಗೇ ಬರುತ್ತದೆ. ಆಕೆಯ ನಿಯಮ ಇಷ್ಟೇ: “ಮೊದಲು ತುತ್ತು, ಆಮೇಲೆ ಗುಟುಕು. ಗುಟುಕು ಎರಡನೇ ತುತ್ತನ್ನ ಕರೀಬೇಕು. ಕರೀಲಿಲ್ವಾ, ಬಿಟ್ಟಾಕಿ.”

ರಜೆಯ ದಿನ ಬಸ್ ಮೆಕ್ಯಾನಿಕ್ ಗಂಡ ಮೀನು ಹುರಿಯುತ್ತಾನೆ. ಕಿಟಕಿ ಪಕ್ಕದ ಪುಟ್ಟ ಮೇಜು, ಇಬ್ಬರಿಗೆ ಒಂದು ಬಾಟಲಿ ಬಿಳಿ ವೈನ್. “ಹಸಿ ಸೇಬು ಕಚ್ಚಿದ ಹಾಗೆ ಜಿಡ್ಡನ್ನ ಕತ್ತರಿಸ್ಬೇಕು, ಬಾಯಿ ತೊಳೆದಿಟ್ಟ ಲೋಟದ ಹಾಗಾಗ್ಬೇಕು. ಸಿಹಿ ಇರಬಾರ್ದು. ಸಿಹಿಗೆ ನಮ್ಮ ಯಜಮಾನ್ರ ಮಾತೇ ಸಾಕು.” ರುಚಿ ಎಂಬುದು ಕುರ್ಚಿಯಲ್ಲಿ ಕೂತವರ ಪಿತ್ರಾರ್ಜಿತ ಎಂದುಕೊಂಡವರು ಈ ಮೇಜನ್ನು ಒಮ್ಮೆ ನೋಡಬೇಕು.

ಕಳೆದ ವರ್ಷ ಹುರಿದ ಮೀನಿನ ವೈನನ್ನು ಮಾತ್ರ ಅಳಿಯನೇ ಆರಿಸಿದ. ಬಾಟಲಿಗಳನ್ನು ಬೆಳಗಿನಿಂದ ಐಸಿನಲ್ಲಿ ಹೂತಿಟ್ಟು ರುಚಿ ನೋಡಿದ. “ಅಷ್ಟು ತಣ್ಣಗಾದ್ರೆ ಸಿಹಿಯೂ ಬಾಯಿ ಮುಚ್ಕೊಂಡಿರುತ್ತೆ. ಹತ್ತು ನಿಮಿಷ ಹೊರಗಿಡಿ, ಬಣ್ಣ ಬಯಲಾಗುತ್ತೆ,” ಎನ್ನುತ್ತಾಳೆ ಲೋಟದಕ್ಕ. ಬಯಲಾಯಿತು. ಹುರಿದ ಮೀನಿನ ಜೊತೆ ಹೋದ ಲೋಟಗಳು ವರ್ಷವಿಡೀ ಅರ್ಧ ತುಂಬಿಯೇ ವಾಪಸು ಬಂದವು. ಲೋಟದಲ್ಲಿ ಸೋಪಿನ ವಾಸನೆ ಇತ್ತು ಎಂದು ಅಳಿಯ ತಪ್ಪನ್ನು ಆಕೆಯ ತಲೆಗೆ ಕಟ್ಟಿದ.

ಇವತ್ತು ಹುರಿದ ಮೀನಿಗೆ ಈ ವರ್ಷದ ಆಯ್ಕೆ. ಕಾಗದ ಸುತ್ತಿ ಹೆಸರು ಮರೆಮಾಡಿದ ಆರು ಬಾಟಲಿಗಳು ಊಟದ ಹಾಲಿನಲ್ಲಿ ಮಾಲೀಕರ ಮುಂದೆ ಐಸಿನಲ್ಲಿ ಕೂತಿವೆ. “ಅಕ್ಕ ರುಚಿ ನೋಡದೆ ನಾನು ಮೀನು ಬಾಣಲೆಗೆ ಬಿಡಲ್ಲ,” ಎಂದು ಬಾಣಸಿಗರು ಕೈಕಟ್ಟಿ ನಿಂತಿದ್ದಾರೆ.

“ಸರಿ, ಇಲ್ಲೇ ತೊಟ್ಟಿ ಹತ್ರ ನಿಂತು ಕುಡಿ. ಎಷ್ಟನೇದು ಅಂತ ಬೆರಳು ತೋರ್ಸು, ಒಳಗೆ ನಾನು ಹೇಳ್ಕೋತೀನಿ,” ಎನ್ನುತ್ತಾನೆ ಅಳಿಯ.

ಲೋಟದಕ್ಕ ಕೈ ಒರೆಸಿಕೊಳ್ಳುತ್ತಾಳೆ. ಏಪ್ರನ್ನಿನಲ್ಲೇ ಊಟದ ಹಾಲಿಗೆ ನಡೆದು, ಮಾಲೀಕರ ಎದುರಿನ ಕುರ್ಚಿ ಎಳೆದು ಕೂರುತ್ತಾಳೆ. ಬಾಟಲಿಗಳನ್ನು ಐಸಿನಿಂದ ತೆಗೆಸುತ್ತಾಳೆ. ಹತ್ತು ನಿಮಿಷ ಎಲ್ಲರನ್ನೂ ಕಾಯಿಸುತ್ತಾಳೆ. ಬಿಸಿ ಮೀನು ಬರುತ್ತದೆ.

ಐಸಿನಲ್ಲಿದ್ದಾಗಲೇ ರುಚಿ ನೋಡಿ ಅಳಿಯ ಮೆಚ್ಚಿದ್ದ ಎರಡನೆಯದನ್ನು ಆಕೆ ಪಕ್ಕಕ್ಕೆ ಸರಿಸುತ್ತಾಳೆ: “ಇದು ಹೋದ ವರ್ಷದ್ದೇ ಸರ್, ಅದೇ ಸಿಹಿ.” ಮಾಲೀಕರು ಕಾಗದ ಬಿಚ್ಚುತ್ತಾರೆ. ಅದೇ. ಐದನೆಯ ಬಾಟಲಿಯ ಗುಟುಕು ಗಂಟಲಿಳಿದದ್ದೇ ತಡ, ಆಕೆಯ ಕೈ ತಾನಾಗಿ ಇನ್ನೊಂದು ತುಂಡು ಮೀನಿಗೆ ಹೋಗುತ್ತದೆ. “ಇದು.” ಮಾಲೀಕರೂ ಗುಟುಕರಿಸುತ್ತಾರೆ. ಅವರ ಕೈಯೂ ಮೀನಿನ ತಟ್ಟೆಗೇ ಹೋಗುತ್ತದೆ! ಅಡುಗೆಮನೆಯ ಬಾಗಿಲಲ್ಲಿ ಇಣುಕುತ್ತಿದ್ದವರು ಸೌಟಿನಿಂದ ಪಾತ್ರೆ ಬಡಿಯುತ್ತಾರೆ.

ಬಾಣಸಿಗರು ಹೆಬ್ಬಾಗಿಲ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ: ಹುರಿದ ಮೀನು, ಬಿಳಿ ವೈನ್. ಆರಿಸಿದವರು ಲೋಟದಕ್ಕ.

ಅಳಿಯ ಒದ್ದೆ ಬಟ್ಟೆ ತಂದು ಆಕೆಯ ಮುಂದೆ ಎಸೆದು ಕರಿಹಲಗೆಯತ್ತ ಬೆರಳು ತೋರಿಸುತ್ತಾನೆ. “ಕೂತಿದ್ದು ಸಾಕು. ಏಳು, ಅದನ್ನ ಒರೆಸು.”

ಲೋಟದಕ್ಕ ಮೀನಿಗೆ ನಿಂಬೆ ಹಿಂಡುತ್ತಾಳೆ.

“ಹತ್ತೊಂಬತ್ತು ವರ್ಷ ಇಲ್ಲಿ ಎಲ್ಲಾನೂ ಒರೆಸಿದ್ದೀನಿ ಸ್ವಾಮಿ. ಇದನ್ನ ಒರೆಸಲ್ಲ.”