ಶಿಶುಮನೆಯ ತಂತಿಯ ಮೇಲಿನ ಸೀರೆ

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ಬಾಳೂರಿನ ಕಡೆಯ ಒಂದು ಕಂಪೆನಿ ಎಸ್ಟೇಟಿನಲ್ಲಿ ನನಗೆ ಮಕ್ಕಳನ್ನು ನೋಡಿಕೊಳ್ಳುವ ಆಯಾ ಕೆಲಸ ಸಿಕ್ಕಿತು. ಹೊರದೇಶದ ವ್ಯಾಪಾರಿಗಳು ‘ಸುಸ್ಥಿರ ತೋಟ’ ಎಂಬ ಮುದ್ರೆಯಿದ್ದ ಕಾಫಿಯನ್ನೇ ಕೇಳತೊಡಗಿದ್ದರು. ಆ ಮುದ್ರೆ ಬೇಕಿದ್ದರೆ ನೆರಳಿನ ಮರ ಕಡಿಯಬಾರದು, ಹಣ್ಣು ತೊಳೆದ ನೀರನ್ನು ಹಳ್ಳಕ್ಕೆ ಬಿಡಬಾರದು, ಕೈಕೂಸುಗಳನ್ನು ಕೊಯ್ಲಿಗೆ ತರಬಾರದು. ಹಾಗಾಗಿ ಕೊಯ್ಲಿನ ಗುಡ್ಡದ ಬುಡದಲ್ಲಿ ಒಂದು ಶಿಶುಮನೆ ತೆರೆದರು. ತಾಯಂದಿರು ತಮ್ಮ ತಮ್ಮ ಹಳೆಯ ಸೀರೆ ತಂದುಕೊಟ್ಟರು. ಒಂದೊಂದರಲ್ಲೂ ಅರ್ಧ ಹರಿದು ಅವರವರ ಕೂಸಿಗೆ ಜೋಲಿ ಕಟ್ಟಿದೆ, ಉಳಿದರ್ಧ ಮಡಚಿಟ್ಟೆ.

ಬೆನ್ನಿನ ಕೂಸು ಇಳಿದರೆ ಕೊಯ್ಲು ಹೆಚ್ಚುತ್ತದೆ ಎಂಬುದು ಮ್ಯಾನೇಜರ್ ಅವರ ಎಣಿಕೆ. ಆದದ್ದು ಬೇರೆ. ಒಂದು ಕೂಸು ಅತ್ತರೆ ತನ್ನದೇ ಇರಬೇಕೆಂದು ಗುಡ್ಡದಿಂದ ಎಲ್ಲ ತಾಯಂದಿರೂ ಓಡಿ ಬರುತ್ತಿದ್ದರು.

ಮೇಸ್ತ್ರಿಗೆ ನನ್ನ ಮೇಲೆ ಸಿಟ್ಟು. “ಒಂದು ಬಾಯಿ ಅತ್ರೆ ಐದು ಬುಟ್ಟಿ ನಿಲ್ತದಲ್ಲ ಮಾರಾಯ್ತಿ! ಯಾರ ಮಗು ಅಂತ ಒಂದು ಕೂಗು ಹಾಕ್ಬಾರ್ದಾ? ಬಾಯಲ್ಲಿ ಕಡುಬು ಇಟ್ಕೊಂಡಿದ್ದೀರಾ?”

“ಅಕ್ಕನ ದನಿ ನಮ್ಮ ಕಿವಿಗೆ ಬರೋ ಹೊತ್ತಿಗೆ ಮಗು ಶಾಲೆಗೆ ಸೇರಿರ್ತದೆ ಬಿಡಿ,” ಎಂದಳು ಒಬ್ಬ ತಾಯಿ. ಎಲ್ಲರೂ ನಕ್ಕರು.

ತಿಂಗಳ ಕೊನೆಯವರೆಗೆ ನೋಡುತ್ತೇವೆ, ಹೀಗೇ ಆದರೆ ಶಿಶುಮನೆ ಮುಚ್ಚಿ ಕೂಸಿರುವವರಿಗೆ ಮನೆಯಲ್ಲೇ ಇರಲು ಹೇಳುತ್ತೇವೆ ಎಂದು ಆಫೀಸಿನಿಂದ ಮಾತು ಬಂತು. ಅವರ ಕೂಲಿಯೂ ನನ್ನ ಕೆಲಸವೂ ಒಟ್ಟಿಗೆ ಹೋಗುವುದಿತ್ತು.

ಮರುದಿನ ಒಂದು ಕೂಸು ಅತ್ತಾಗ ಕೂಗಲೆಂದೇ ಅಂಗಳಕ್ಕೆ ಬಂದೆ. ಗುಡ್ಡದಲ್ಲಿ ಗಂಡಾಳುಗಳೂ ಇದ್ದರು. ಅವರೆದುರು ಕೂಗಲು ನಾಚಿಕೆಯಾಯಿತು. ಒಳಗೆ ಹೋಗಿ ಆ ಕೂಸಿನ ಜೋಲಿಯ ಉಳಿದರ್ಧ ಸೀರೆ ತಂದು ಅಂಗಳದ ಬಟ್ಟೆ ಒಣಗಿಸುವ ತಂತಿಗೆ ಹಾಕಿದೆ. ಹಸಿರು ಅಂಚಿನ ಹಳದಿ ಸೀರೆ. ಅಳು ಕೇಳಿ ಎಲ್ಲರೂ ಗಿಡಗಳ ಸಂದಿಯಿಂದ ನೋಡಿದರು; ಸೀರೆಯ ಗುರುತು ಹಿಡಿದು ಅದರ ಒಡತಿ ಒಬ್ಬಳೇ ಇಳಿದು ಬಂದಳು. ಬೇರೆಯವರು ತಮ್ಮ ಸೀರೆಯಲ್ಲವೆಂದು ಕೊಯ್ಯುತ್ತಲೇ ಇದ್ದರು. ಆಮೇಲೆ ಅದೇ ರೂಢಿಯಾಯಿತು.

ತಿಂಗಳು ಮುಗಿಯುವಾಗ ಬುಟ್ಟಿಗಳು ಮೊದಲಿಗಿಂತ ಬೇಗ ತುಂಬುತ್ತಿದ್ದವು. ಶಿಶುಮನೆ ಉಳಿಯಿತು. ಮುದ್ರೆ ಕೊಡುವವರು ಬಂದು ಕೊಯ್ಲು ಹೆಚ್ಚಿದ್ದು ಹೇಗೆಂದು ಕೇಳಿದಾಗ, ಶಿಶುಮನೆ ಕಟ್ಟಿಸಿದ್ದರಿಂದ ಎಂದರು ಮ್ಯಾನೇಜರ್. ಅದು ಸುಳ್ಳಲ್ಲ. ಕಟ್ಟಿಸಿದ ಮಾತ್ರಕ್ಕೆ ಹೆಚ್ಚಿರಲಿಲ್ಲ, ಅಷ್ಟೆ.

ಒಂದು ಸಂಜೆ ಹಳದಿ ಸೀರೆಯವಳು ಮಗುವನ್ನೆತ್ತಿಕೊಳ್ಳುತ್ತ ಕೇಳಿದಳು: “ಇವತ್ತು ನನ್ನ ಸೀರೆ ಹಾಕ್ಲೇ ಇಲ್ವಲ್ಲಕ್ಕ. ಒಂದ್ಸಲನೂ ಅಳ್ಲಿಲ್ವಾ ಇವನು?”

“ಇಲ್ಲ. ಗಂಜಿ ಕುಡಿದು ಆಡ್ಕೊಂಡಿದ್ದ.”

“ಓಹೋ, ದೊಡ್ಡ ಮನುಷ್ಯ ಆಗ್ಬಿಟ್ಟ,” ಎಂದಳು. ನಗಲು ನೋಡಿದಳು, ನಗು ಬರಲಿಲ್ಲ.

ಮರುದಿನವೂ ಅವನು ಅಳಲಿಲ್ಲ. ಮಧ್ಯಾಹ್ನ ಮೇಸ್ತ್ರಿ ಆಚೆ ಬದಿಗೆ ಹೋದದ್ದು ನೋಡಿ, ಅವಳೊಮ್ಮೆ ಬಂದು ಮಗನನ್ನು ಎತ್ತಿಕೊಂಡು ಹೋಗಲಿ ಎಂದು ಹಳದಿ ಸೀರೆಯನ್ನು ತಂತಿಗೆ ಹಾಕಿದೆ.