ಕೈಯೋ ಬುಶ್ಶೋ

ಮಾಳಮಡ್ಡಿಯ ನಮ್ಮ ಮನೆಯೊಳಗೆ ಲಕ್ವಾ ಎಂಬ ಶಬ್ದಕ್ಕೆ ಪ್ರವೇಶ ಇರಲಿಲ್ಲ. ಕಾಕಾನ ಎಡಗೈಗೆ ಆದದ್ದು ‘ಗಾಳಿ ಬಡಿದದ್ದು’. ಬಡಿದ ಗಾಳಿ ಒಂದು ದಿನ ಬಿಟ್ಟುಹೋಗಲೇಬೇಕಲ್ಲ ಎಂಬ ತರ್ಕದ ಮೇಲೆ ಇಡೀ ಮನೆ ಮಳೆಗಾಲ ಕಳೆಯಿತು, ಚಳಿಗಾಲವನ್ನೂ ಕಳೆಯಿತು. ಕಾಕಾನ ಹೆಂಡತಿ ಕಾಕೂ ದಿನಾ ಬೆಳಿಗ್ಗೆ ಹಿತ್ತಾಳೆ ಬಟ್ಟಲಲ್ಲಿ ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ಆ ಕೈಯ ಸಂದುಸಂದಿಗೂ ತಿಕ್ಕುತ್ತಿದ್ದಳು. ಕಾಕಾ ಬಲಗೈಯಲ್ಲಿ ಪೇಪರು ಹಿಡಿದು ಓದುತ್ತಿದ್ದ. ಎಡಗೈ ಬೇರೆ ಯಾರದೋ, ತಿಕ್ಕಿಸಿಕೊಳ್ಳಲು ಇವನ ಹತ್ತಿರ ಬಿಟ್ಟುಹೋಗಿದ್ದಾರೆ ಅನ್ನುವ ಹಾಗೆ.

ಕಾಕಾ ವಕೀಲ. ನನಗೆ ವಾದ ಕಲಿಸಿದವನು ಅವನೇ. ನಾನು ಸಾಲಿಗೆ ಹೋಗುತ್ತಿದ್ದಾಗಿನಿಂದ ಊಟಕ್ಕೆ ಕೂತರೆ ಸಾಕು, ಒಂದು ವಿಷಯ ಎಸೆದು ‘ನೀ ವಿರೋಧ ಮಾತಾಡಲೇ’ ಅನ್ನುತ್ತಿದ್ದ. ಹಾಗಲಕಾಯಿ ಪಲ್ಯದ ವಿರುದ್ಧ ಮಾತಾಡಿ ಗೆದ್ದರೆ ಅದನ್ನು ತಿನ್ನಬೇಕಾಗಿರಲಿಲ್ಲ. ಸೋತರೆ ಎರಡು ಪಾಲು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಢಾಲು ಗೆದ್ದು ತಂದಾಗ, ‘ಢಾಲು ನಂದು, ಬಾಯಿ ಅಷ್ಟ ನಿಂದು’ ಅಂದ. ಅವನು ಕಲಿಸಿದ್ದರಲ್ಲಿ ಮುಖ್ಯವಾದದ್ದು ಇದು: ಎದುರಿನವನು ತಾನಾಗಿ ತಪ್ಪು ಮಾಡುತ್ತಿದ್ದರೆ ನಡುವೆ ಬಾಯಿ ಹಾಕಬೇಡ. ಇನ್ನೊಂದೂ ಇತ್ತು. ದೊಡ್ಡ ಮಾತು ಕೈಬಿಟ್ಟು ಹೋಗುವುದು ಖಚಿತವಾದರೆ, ಸಣ್ಣ ಮಾತೊಂದನ್ನು ಎಲ್ಲರಿಗೂ ಕೇಳುವಂತೆ ಒಪ್ಪಿಕೋ. ಜನ ನಿನ್ನನ್ನು ಪ್ರಾಮಾಣಿಕ ಅಂದುಕೊಳ್ಳುತ್ತಾರೆ.

ಆತನಿಗೆ ಒಂದು ಗಾಡಿ ಇತ್ತು. ಇಂಗ್ಲಿಷ್ ಅಧಿಕಾರಿಯೊಬ್ಬ ದೇಶ ಬಿಟ್ಟು ಹೋಗುವಾಗ ಮಾರಿದ್ದು. ಎರಡೇ ಸೀಟು, ಕಡುಹಸಿರು ಮೈ, ಮಡಚುವ ಕ್ಯಾನ್ವಾಸ್ ಮಾಡು, ನೆಲಕ್ಕೆ ಕುಂಡೆ ತಾಗುವಷ್ಟು ತಗ್ಗು. ಧಾರವಾಡದಲ್ಲಿ ಅಂಥ ಸ್ಪೋರ್ಟ್ಸ್ ಕಾರು ಇನ್ನೊಂದಿರಲಿಲ್ಲ, ಇರಬೇಕಾದ ಕಾರಣವೂ ಇರಲಿಲ್ಲ. ದೀಪಾವಳಿಯ ನರಕ ಚತುರ್ದಶಿಯ ದಿನ ಮನೆಯ ಗಂಡಸರಿಗೆಲ್ಲ ಎಣ್ಣೆ ಹಚ್ಚಿ, ಆರತಿ ಎತ್ತಿ, ಎರೆಯುತ್ತಾರಲ್ಲ. ನಮ್ಮ ಮನೆಯಲ್ಲಿ ಆ ಸಾಲಿನಲ್ಲಿ ಗಾಡಿಯೂ ಇತ್ತು. ಕಾಕಾ ತಾನೇ ಬಟ್ಟಲು ಹಿಡಿದು ಅದರ ಕೆಳಗೆ ತೂರಿ, ಸಿಕ್ಕ ಸಂದಿಗೆಲ್ಲ ಬೆಚ್ಚನೆಯ ಕುಸುಬಿ ಎಣ್ಣೆ ಬಿಡುತ್ತಿದ್ದ. ಕಾಕೂ ದೀಪಗಳ ಮುಂದೆ ಆರತಿ ಎತ್ತುತ್ತ, ‘ಇದಕ್ಕ ಒಂದು ಧೋತರ ಉಡಿಸಿಬಿಡ್ರಿ’ ಅನ್ನುತ್ತಿದ್ದಳು.

ದುರದೃಷ್ಟವೆಂದರೆ ಕಾಕಾನ ಕೈಗೆ ಗಾಳಿ ಬಡಿದ ವರ್ಷವೇ ಗಾಡಿಯ ಗೇರೂ ಕೆಟ್ಟಿತು. ನಮ್ಮಲ್ಲಿ ಗೇರು ಹಾಕುವುದು ಎಡಗೈ. ಗೇರಿನ ಕಡ್ಡಿ ಹಿಟ್ಟಿನಲ್ಲಿ ಸೌಟು ಆಡಿದಂತೆ ಆಡುತ್ತಿತ್ತು. ಪ್ಯಾಟಿಯಲ್ಲಿ ಒಮ್ಮೆ ಕಾಕಾ ಹಿಂದಕ್ಕೆ ಹೋಗಬೇಕಾದವನು ಮುಂದಕ್ಕೆ ಹೋಗಿ ಮುದುಕಿಯೊಬ್ಬಳ ಬದನೆಕಾಯಿ ಬುಟ್ಟಿಯ ಮೇಲೆ ಹಾಯಿಸಿದ. ನಮ್ಮಪ್ಪ, ಅಂದರೆ ಕಾಕಾನ ಅಣ್ಣ, ‘ಇಂದು ಬದನೀಕಾಯಿ, ನಾಳೆ ಮುದುಕಿ. ಮಾರಿಬಿಡು’ ಅಂದ. ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬ ಎಂದಿನಿಂದಲೋ ಆ ಗಾಡಿಗೆ ಬಾಯಿ ತೆರೆದುಕೊಂಡು ಕೂತಿದ್ದ.

‘ಗೇರಿನ ಬುಶ್ ಸವದಾವ,’ ಅಂದ ಕಾಕಾ. ‘ನನ್ನ ಕೈ ಛಲೋನಽ ಐತಿ.’

ಹುಬ್ಬಳ್ಳಿ ಧಾರವಾಡ ಒಂದಾಗಬೇಕೋ ಬೇಡವೋ ಎಂದು ಊರೆಲ್ಲ ಜಗಳಾಡುತ್ತಿದ್ದ ಕಾಲ ಅದು. ನಮ್ಮ ಮನೆಯಲ್ಲಿ ಮಾತ್ರ ಜಗಳ ಬೇರೆ: ಕೈಯೋ, ಬುಶ್ಶೋ?

ನಾನು ಮಧ್ಯೆ ಬಿದ್ದೆ. ಸಾಕ್ಷಿ ಇಲ್ಲದೆ ಮಂದಿ ಕಿರುಚುವುದನ್ನು ನನ್ನಿಂದ ಕೇಳಲಾಗುವುದಿಲ್ಲ. ‘ಕಾರಣ ಎರಡು ಇದ್ರ ಒಂದನ್ನ ತಗದು ನೋಡಬೇಕು,’ ಅಂದೆ. ‘ಕೈ ಬದಲಿ ಮಾಡಾಕ ಬರೂದಿಲ್ಲ, ಬುಶ್ ಬದಲಿ ಮಾಡಾಕ ಬರ್ತೈತಿ.’

ಕಾಕಾನ ಕಣ್ಣು ಹೊಳೆಯಿತು. ‘ಶಾಭಾಸ್! ಹೊಸಾ ಬುಶ್ ಹಾಕಿದ ಮ್ಯಾಲ ಒಂದ ಗೇರು ತಪ್ಪಿದರೂ, ಕೀಲಿಕೈ ನಿಮ್ಮಪ್ಪನ ಮುಂದ ಇಡ್ತೇನಿ. ತಪ್ಪಲಿಲ್ಲ ಅಂದ್ರ, ನಾ ಸಾಯೂತನಕ ಗಾಡಿ ಮಾತು ಈ ಮನ್ಯಾಗ ಯಾರೂ ಎತ್ತಬಾರದು.’

‘ಹೂಂ, ಕೈ ತಪ್ಪಿದರ ಕೀಲಿಕೈ,’ ಅಂದಳು ಕಾಕೂ. 

ಗಾಡಿಯ ಎರಡು ಸೀಟಿನ ನಡುವಿನ ಹಲಗೆ ತೆಗೆದು ನಾನು ಒಳಗೆ ಕೈ ಹಾಕಿದೆ. ಯಂತ್ರ ಸಾದಾ. ಮೇಲಿನ ಕಡ್ಡಿಗೂ ಮುಂದಿನ ಗೇರ್‌ಬಾಕ್ಸಿಗೂ ನಡುವೆ ಒಂದು ರಾಡು. ರಾಡಿನ ಎರಡೂ ತುದಿಯ ಸಂದಿನಲ್ಲಿ ಉಂಗುರದಂಥ ರಬ್ಬರು, ಅದೇ ಬುಶ್. ಅದು ಸತ್ತರೆ ಮೇಲೆ ಕಡ್ಡಿ ಎಷ್ಟು ಒದ್ದಾಡಿದರೂ ಕೆಳಗೆ ರಾಡಿಗೆ ಸುದ್ದಿ ಮುಟ್ಟುವುದಿಲ್ಲ. ಇದನ್ನು ನಾನು ಕಾಕೂಗೆ ವಿವರಿಸಿದಾಗ, ‘ಇವರ ಕೈಗೂ ಡಾಕ್ಟರು ಹಿಂಗಽ ಹೇಳಿದ್ರು’ ಅಂದುಬಿಟ್ಟಳು. ಕಾಕಾ ಕೇಳಿಸಿಕೊಂಡ. ಕೇಳಿಸದವನಂತೆ ಕೆಮ್ಮಿದ.

ಬುಶ್ಶುಗಳು ಕೈಗೆ ಬಂದದ್ದು ಉಂಗುರವಾಗಿ ಅಲ್ಲ. ಹಳೆಯ ಅಂಟಿನ ಉಂಡೆಯ ಹಾಗೆ ಉಬ್ಬಿ, ಜಿಬಿಜಿಬಿಯಾಗಿ, ಮುಟ್ಟಿದರೆ ಬೆರಳಿಗೆ ಮೆತ್ತಿಕೊಳ್ಳುತ್ತಿದ್ದವು. ಕಾಕಾ ಅವನ್ನು ಬಾಳೆಲೆಯ ಚೂರಿನ ಮೇಲೆ ಇಟ್ಟುಕೊಂಡು ಊಟಕ್ಕೆ ಕೂತ, ಉಪ್ಪಿನಕಾಯಿಯ ಪಕ್ಕ. ಅಪ್ಪನಿಗೆ ತೋರಿಸಿದ, ಹಾಲಿನವನಿಗೆ ತೋರಿಸಿದ. ‘ನೋಡ್ರಿ, ಇದು ನನ್ನ ಕೈ ಏನು? ಹೇಳ್ರಿ!’ ಹಾಲಿನವ ಬಗ್ಗಿ ನೋಡಿ, ಅಲ್ಲ ಅಂದ. ಅಷ್ಟು ಸಂತೋಷವಾಗಿದ್ದ ಕಾಕಾನನ್ನು ನಾನು ಆ ವರ್ಷ ನೋಡಿರಲಿಲ್ಲ. ಆ ಹಂತಕ್ಕೆ ತೀರ್ಪು ಕೇಳಿದ್ದರೆ ನಾನೂ ಅವನ ಕಡೆಗೇ ಕೊಡುತ್ತಿದ್ದೆ.

ಹೊರದೇಶದ ಸಾಮಾನು ಸಿಗುವ ಕಾಲ ಅದಲ್ಲ. ಬೆಂಗೇರಿಯ ಒಬ್ಬ ಮಿಸ್ತ್ರಿ ಲೇಥಿನ ಮೇಲೆ ಹಿತ್ತಾಳೆಯಲ್ಲಿ ಕಡೆದು ಕೊಡುತ್ತಾನೆ ಎಂದು ಕೇಳಿ ಇಬ್ಬರೂ ಬಸ್ಸಿನಲ್ಲಿ ಹೋದೆವು. ಮಿಸ್ತ್ರಿ ದೊಡ್ಡ ಹೊಟ್ಟೆಯವ, ದೊಡ್ಡ ಗಂಟಲಿನವ. ಹಳೆಯ ಬುಶ್ ಮೂಸಿ ನೋಡಿ ಗಹಗಹಿಸಿದ.

‘ಕುಸುಬಿ ಎಣ್ಣಿ! ಸಾಹೇಬರ, ಗಾಡೀಗೆ ಎಣ್ಣಿ ಹಚ್ಚಿ ಎರೀತೀರೇನ್ರಿ? ಸೀಗೀಕಾಯಿ ಹಚ್ಚಲಿಲ್ಲೇನು?’

ಕಾಕಾ ಗಂಭೀರವಾಗಿ, ‘ಸಂದಿಗೆ ಎಣ್ಣಿ ಬೇಕಲ್ಲಪಾ’ ಅಂದ.

‘ಸಂದು ಅಂದಕೂಡಲೆ ಎಣ್ಣೀನಽ? ರಬ್ಬರಿಗೆ ಎಣ್ಣಿ ಅಂದ್ರ ವಿಷಾ ಇದ್ದಂಗ್ರಿ. ವರ್ಷಾ ವರ್ಷಾ ಆರತಿ ಎತ್ತಿ ವಿಷಾ ಹಾಕೀರಿ.’ ಲೇಥಿನ ಹತ್ತಿರ ಇದ್ದವರೆಲ್ಲ ನಕ್ಕರು. ಕಾಕಾ ನಗಲಿಲ್ಲ. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಕಿವಿಯ ಹತ್ತಿರ ಬಾಗಿ, ‘ಏನೇ ಆಗ್ಲಿ, ಬುಶ್ ಅಂತ ಒಪ್ಪಿಕೊಂಡ ನೋಡು’ ಅಂದ.

ಹಿತ್ತಾಳೆ ಬುಶ್ಶು ನಾನೇ ಕೂಡಿಸಿದೆ. ತೂತು ಒರೆಸಿ, ಒಂದೊಂದನ್ನೇ ಮರದ ಸುತ್ತಿಗೆಯಿಂದ ತಟ್ಟಿ ಇಳಿಸಿ, ರಾಡು ತೂರಿಸಿದೆ. ರಾಡು ಕಳಚದಂತೆ ಹಿಡಿಯುವ ಕೊನೆಯ ಕಡ್ಡಿಪಿನ್ನು ಮಾತ್ರ ತಾನೇ ಹಾಕುತ್ತೇನೆಂದು ಕಾಕಾ ಹಟ ಹಿಡಿದ. ರಾಡನ್ನು ಬಲಗೈಯಲ್ಲಿ ಹಿಡಿಯಬೇಕು, ಪಿನ್ನು ಎಡಗೈಯಲ್ಲಿ. ಪಿನ್ನು ಬಿತ್ತು. ಹುಡುಕಿ ಕೊಟ್ಟೆ. ಮತ್ತೆ ಬಿತ್ತು. ಬೆರಳು ಮುಚ್ಚಿವೆ ಎಂದು ಅವನು ನಂಬಿದ್ದ, ಮುಚ್ಚಿರಲಿಲ್ಲ. ಕಡೆಗೆ ಹಲ್ಲಿನಲ್ಲಿ ಕಚ್ಚಿ ಹಿಡಿದು, ಮುಖ ಒಳಗೆ ತೂರಿಸಿ, ಬಲಗೈಯಿಂದ ತಳ್ಳಿದ. ಎದ್ದಾಗ ಮೂಗಿನ ಮೇಲೆ ಗ್ರೀಸು. ನಾನು ಏನೂ ಅನ್ನಲಿಲ್ಲ. ನಡುವೆ ಬಾಯಿ ಹಾಕಬಾರದು ಎಂದು ಕಲಿಸಿದವನು ಅವನೇ ತಾನೆ.

ಪರೀಕ್ಷೆಗೆ ಹತ್ತಿರದ ಹಳ್ಳಿ ಮುಗದಕ್ಕೆ ಹೋಗಿ ಬರುವುದೆಂದು ನಿಶ್ಚಯವಾಯಿತು. ಅವನು ಓಡಿಸುವವ, ನಾನು ಸಾಕ್ಷಿ. ಕಾಕಾ ಗೇರು ಹಾಕಿದ. ಕಟಕ್. ಸಂದೂಕದ ಚಿಲಕ ಬಿದ್ದಂಥ ಸಪ್ಪಳ. ‘ಕೇಳಿದೇನು? ಹ್ಯಾಂಗ ಮಾತಾಡ್ತೈತಿ!’

ಆ ಗಾಡಿಯಲ್ಲಿ ಒಂದನೆಯ ಗೇರು, ಮೂರನೆಯ ಗೇರು ಮುಂದಕ್ಕೆ ತಳ್ಳುವಂಥವು. ಅವಕ್ಕೆ ಅಂಗೈ ಸಾಕು. ಎರಡನೆಯದು, ನಾಲ್ಕನೆಯದು ಹಿಂದಕ್ಕೆ ಎಳೆಯುವಂಥವು. ಅವಕ್ಕೆ ಬೆರಳು ಬೇಕು. ಕಾಕಾ ಮಣಿಕಟ್ಟನ್ನು ಕಡ್ಡಿಯ ಮುಂದೆ ಕೊಕ್ಕೆಯಂತೆ ಸಿಗಿಸಿ ಇಡೀ ತೋಳನ್ನು ಹಿಂದಕ್ಕೆಳೆದು ಎರಡನೆಯದಕ್ಕೆ ತಂದ. ನನಗೆ ಕಾಣದಿರಲೆಂದು ಅದೇ ಹೊತ್ತಿಗೆ ಬಲಕ್ಕೆ ತಿರುಗಿ ಯಾರದೋ ಹೊಲ ತೋರಿಸಿದ. ಹೊಲ ನೋಡುವವರು ಯಾರು? ನಾನು ಮಣಿಕಟ್ಟು ನೋಡುತ್ತಿದ್ದೆ. ಹೋಗುವಾಗ ರಸ್ತೆ ಖಾಲಿ, ಹೊತ್ತು ಬೇಕಾದಷ್ಟು. ಒಂದೂ ಗೇರು ತಪ್ಪಲಿಲ್ಲ. ಮುಗದದ ಕೆರೆಯ ಹತ್ತಿರ ಇಳಿದು ಚಹಾ ಕುಡಿದೆವು. ‘ನಿಮ್ಮಪ್ಪಗ ಏನ್ ಹೇಳ್ತಿ?’ ಅಂದ. ‘ಇನ್ನೂ ಅರ್ಧಾ ದಾರಿ ಐತಿ,’ ಅಂದೆ.

ಬರುವಾಗ ಇಳಿಜಾರಿನ ತಿರುವಿನಲ್ಲಿ ಎದುರಿಗೆ ಜೋಳದ ಕಣಿಕೆ ಹೇರಿದ ಬಂಡಿ. ಮೂರರಿಂದ ಲಗೂ ಎರಡಕ್ಕೆ ತರಬೇಕು. ಕಾಕಾ ಕ್ಲಚ್ಚು ತುಳಿದ, ಕೈ ಬೀಸಿದ. ಮಣಿಕಟ್ಟು ಸಿಗಲಿಲ್ಲ. ಬೆರಳು ಕಡ್ಡಿಯ ಗುಂಡಿನ ಮೇಲಿಂದ ಒದ್ದೆ ಅರಿವೆಯ ಹಾಗೆ ಜಾರಿತು. ಕಡ್ಡಿ ನಡುವೆ ನಿಂತು, ಒಳಗೆ ಹಲ್ಲಿಗೆ ಹಲ್ಲು ತಿಕ್ಕಿ ಗರ್ರೆಂದು ಒದರಿತು. ಬ್ರೇಕು ತುಳಿದದ್ದಕ್ಕೆ ಗಾಡಿ ಎತ್ತಿನ ಮೂಗಿನ ಮುಂದೆ ಬಂದು ಆರಿ ನಿಂತಿತು. ಬಂಡಿಯವ ಕೆಳಗಿಳಿದು, ಬಗ್ಗಿ ನಮ್ಮಿಬ್ಬರನ್ನೂ ನೋಡಿದ.

‘ಯಜಮಾನ್ರ, ಈ ತಮ್ಮಗ ಕೊಡ್ರಿ ಗಾಡಿ. ನೀವು ಬೇಕಾದ್ರ ನನ್ನ ಬಂಡಿ ಹತ್ರಿ. ಎತ್ತಿಗೆ ದಾರಿ ಗೊತ್ತೈತಿ.’

ಕಾಕಾ ನನ್ನ ಕಡೆ ತಿರುಗಿದ. ‘ಬುಶ್ ಸರಿ ಕೂಡಿಸಿಲ್ಲ ನೀ.’

ನಾನು ಹೊರಳಿ ಎಡಗೈಯ ಕಿರುಬೆರಳನ್ನು ಕಡ್ಡಿಗೆ ಸಿಗಿಸಿ ಎಳೆದೆ. ಕಟಕ್. ಎರಡು. ಕಿರುಬೆರಳಿಂದಲೇ ತಳ್ಳಿದೆ. ಕಟಕ್. ಮೂರು. ನಾಲ್ಕೂ ಗೇರು ಕಿರುಬೆರಳಲ್ಲಿ ಹಾಕಿ ತೋರಿಸಿದೆ.  ಕಾಕಾ ನನ್ನ ಬೆರಳು ನೋಡುತ್ತಿದ್ದ, ಆಮೇಲೆ ತೊಡೆಯ ಮೇಲಿದ್ದ ತನ್ನದನ್ನು ನೋಡಿದ. ಇಳಿದು, ಸುತ್ತು ಬಂದು, ನನ್ನ ಜಾಗದಲ್ಲಿ ಕೂತ. ಮನೆಯವರೆಗೂ ನಾನು ಓಡಿಸಿದೆ. ದಾರಿಯಲ್ಲಿ ಗೇರು ಕಟಕ್ ಅಂದಾಗಲೆಲ್ಲ ಅವನ ಹೆಗಲು ಸಣ್ಣಗೆ ಅದುರುತ್ತಿತ್ತು.

ಮನೆಯಲ್ಲಿ ಅಪ್ಪನ ಮುಂದೆ ಮತ್ತೆ ಎದ್ದು ನಿಂತ, ವಕೀಲ! ‘ಇಂವಾ ಬುಶ್ ಸರಿ ಕೂಡಿಸಿಲ್ಲ. ಮಿಸ್ತ್ರಿ ಅಳತೀನೂ ತಪ್ಪೈತಿ. ಪರೀಕ್ಷಾ ಆಗಿಲ್ಲ ಅಂತ ತಿಳೀರಿ.’ ಎಲ್ಲರೂ ನನ್ನನ್ನು ನೋಡಿದರು. ಹೌದು, ಪಿನ್ನು ಸಡಿಲ ಇತ್ತು ಎಂದು ನಾನು ಒಂದು ಮಾತು ಅಂದಿದ್ದರೆ ಕಾಕಾನಿಗೆ ಇನ್ನೊಂದು ಮಳೆಗಾಲ ಸಿಗುತ್ತಿತ್ತು. ‘ಬುಶ್ ಸರಿ ಅದಾವ,’ ಅಂದೆ. ಅಷ್ಟು ಕಟುಕನಾಗಬಾರದಿತ್ತು ಎಂದು ಈಗಲೂ ನನಗೆ ಬುದ್ಧಿ ಹೇಳುವವರಿದ್ದಾರೆ. ಅವರಿಗೆ ನನ್ನದೊಂದೇ ಪ್ರಶ್ನೆ: ಬಂಡಿಯ ಜಾಗದಲ್ಲಿ ಸಾಲಿ ಬಿಟ್ಟು ಬರುವ ಮಕ್ಕಳಿದ್ದಿದ್ದರೆ? 

ಕಾಕೂ ಬಾಗಿಲಲ್ಲಿ ನಿಂತಿದ್ದಳು. ನನಗೆ ಬಯ್ಯುತ್ತಾಳೆ ಅಂದುಕೊಂಡಿದ್ದೆ.

‘ಇಷ್ಟಕ್ಕ ಮುಗದಕ್ಕ ಹೋಗಬೇಕಿತ್ತೇನು?’ ಅಂದಳು. ‘ನಾ ದಿನಾ ಎಣ್ಣಿ ತಿಕ್ಕುವಾಗ ಆ ಕೈ ಚೂಟ್ತೇನಿ. ಕೆಂಪಾಗೂಹಂಗ ಚೂಟ್ತೇನಿ. ಒಂದ ದಿನಾನೂ ಪೇಪರಿಂದ ಕಣ್ಣು ಎತ್ತಿಲ್ಲ ಇವರು.’

ಕಾಕಾ ಬಲಗೈಯಿಂದ ಎಡಗೈಯ ಅಂಗಿ ತೋಳು ಮೇಲೆತ್ತಿದ. ಮೊಣಕೈಯ ಕೆಳಗೆ ಹಳೆಯವು, ಹೊಸವು, ಉಗುರಿನ ಗುರುತುಗಳು. ಅವನು ಅವನ್ನು ಒಂದೊಂದಾಗಿ ಮುಟ್ಟಿ ನೋಡಿದ. ಆಮೇಲೆ ಕಿಸೆಯಿಂದ ಕೀಲಿಕೈ ತೆಗೆದು ಅಪ್ಪನ ಮುಂದೆ ಇಟ್ಟ.

ಮುಂದಿನ ವಾರ ಹತ್ತಿ ವ್ಯಾಪಾರಿ ಬಂದ, ರುಮಾಲು, ಅತ್ತರು, ಬಾಯಿ ತುಂಬ ಎಲೆಯಡಿಕೆ. ಕಾಕಾ ಕಟ್ಟೆಯ ಮೇಲೆ ಕೂತಿದ್ದ, ಎಡಗೈ ಶಾಲಿನೊಳಗೆ. ವ್ಯಾಪಾರಿ ಗಾಡಿ ಹತ್ತಿ ನಮ್ಮ ಓಣಿಯಿಂದ ಹೊರಟ. ತಿರುವು ದಾಟಿ ಗಾಡಿ ಕಣ್ಣಿಗೆ ಮರೆಯಾಯಿತು, ಕಿವಿಗೆ ಆಗಲಿಲ್ಲ. ಇಂಜಿನ್ನಿನ ದನಿ ಏರಿ ಇಳಿದಾಗಲೆಲ್ಲ ಕಾಕಾ ಬಾಯಲ್ಲೇ ‘ಎರಡು’ ಅಂದ. ‘ಮೂರು’ ಅಂದ. ಒಂದೂ ಒರಟು ಸಪ್ಪಳ ಬರಲಿಲ್ಲ.

ವ್ಯಾಪಾರಿ ಮರಳಿ ಬಂದು ಇಳಿದ. ‘ಏನ್ ಗೇರ್ರಿ ವಕೀಲರ! ಬೆಣ್ಯಾಗ ಬೆರಳ ಇಟ್ಟಂಗ ಐತಿ! ಇಂಥಾ ಗಾಡಿ ಯಾಕ ಬಿಡಾಕತ್ತೀರಿ?’

ಅಪ್ಪ ನೆಲ ನೋಡಿದ. ನಾನು ಕಾಕಾನನ್ನು ನೋಡಿದೆ. ಅವನು ಗಂಟಲು ಸರಿಮಾಡಿಕೊಂಡ, ಕೋರ್ಟಿನಲ್ಲಿ ಮಾಡುವ ಹಾಗೆ. ಓಣಿಯ ಆ ತುದಿಗೂ ಕೇಳುವ ದನಿಯಲ್ಲಿ ಅಂದ:

‘ನಂದೊಂದು ತಪ್ಪಾಗಿತ್ರಿ. ದೀಪಾವಳಿಗೆ ರಬ್ಬರಿಗೆ ಎಣ್ಣಿ ಹಚ್ಚತಿದ್ದೆ. ನೀವು ಹಚ್ಚಬ್ಯಾಡ್ರಿ.’